ಸುವಾಗೆ ಹೊರಟವರಿಗೆ, ಮಂಡ್ಯದಿಂದ

ಫಿಜಿಗೆ ಹೋಗುವ ನಮ್ಮ ಕಡೆಯವರು ನಾಂದಿಯಲ್ಲಿ ಇಳಿದು, ಯಾವುದಾದರೂ ರೆಸಾರ್ಟ್‌ನಲ್ಲಿದ್ದು ವಾಪಸ್ ಬಂದುಬಿಡುತ್ತಾರೆ. ರಾಜಧಾನಿ ಸುವಾ ಹಾಗೇ ಉಳಿದುಹೋಗುತ್ತದೆ. ಮಗಳು ಅಲ್ಲಿ ಕೆಲಸದಲ್ಲಿರುವುದರಿಂದ ನನಗೆ ಆ ಊರು ಗೊತ್ತು. ಕಬ್ಬು ಬೆಳೆಯುವ ಮನೆಯವರಂತೂ ಅಲ್ಲಿಗೆ ಎರಡು ದಿನ ಇಟ್ಟುಕೊಳ್ಳಲೇಬೇಕು.

ನಾಂದಿಯಿಂದ ಹೋಗುವಾಗ ಬಸ್ಸೇ ಹಿಡಿಯಿರಿ. ಕ್ವೀನ್ಸ್ ರಸ್ತೆಯಲ್ಲಿ ಸುಮಾರು 190 ಕಿ.ಮೀ., ನಾಲ್ಕು ಗಂಟೆ ಹಿಡಿಯುತ್ತದೆ. ಬಲಗಡೆ ಕೂತರೆ ಸಮುದ್ರ ಕಾಣುತ್ತದೆ. ಮೊದಲರ್ಧದಲ್ಲಿ ಕಬ್ಬಿನ ಗದ್ದೆಗಳು, ಕಬ್ಬು ಸಾಗಿಸುವ ಪುಟ್ಟ ರೈಲಿನ ಹಳಿಗಳು. ಆಮೇಲೆ ಕಬ್ಬು ಮಾಯ, ಎಲ್ಲೆಲ್ಲೂ ಕಾಡು. ಆಗ್ನೇಯದಿಂದ ಬೀಸುವ ಗಾಳಿ ಗುಡ್ಡಕ್ಕೆ ತಡೆದು ಸುವಾ ಕಡೆಗೇ ಮಳೆ ಸುರಿಸುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ.! ನಮ್ಮಲ್ಲಿ 700 ಬಂದರೆ ಹೆಚ್ಚು, ಅಲ್ವಾ? ಮೇನಿಂದ ಅಕ್ಟೋಬರ್ ಒಳಗೆ ಹೋಗಿ. ಆಗಲೂ ಕೊಡೆ ಬೇಕು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ.

ಮಾರ್ಕೆಟ್ಟಿಗೆ ಶನಿವಾರ ಬೆಳಿಗ್ಗೆಯೇ ಹೋಗಬೇಕು. ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಇದೆ. ತೂಕ ಕಡಿಮೆ, ಗುಡ್ಡೆ ಲೆಕ್ಕವೇ ಜಾಸ್ತಿ. ಮರಗೆಣಸು, ಕೆಸುವಿನ ಗೆಡ್ಡೆ, ಬದನೆ, ಬೆಂಡೆ, ಕರಿಬೇವು, ಎಲ್ಲ ಸಿಗುತ್ತದೆ. ಕೆಸುವಿನ ಎಲೆಯನ್ನು ತೆಂಗಿನ ಹಾಲಲ್ಲಿ ಬೇಯಿಸಿ ಅವರು ರೌರೌ ಮಾಡುತ್ತಾರೆ, ತಿಂದು ನೋಡಿ. ಸಸ್ಯಾಹಾರಿಗಳಿಗೆ ತರಕಾರಿ ಪಲ್ಯ ಸುತ್ತಿಕೊಟ್ಟ ರೊಟ್ಟಿ ಸಾಕು.

ಮಾರ್ಕೆಟ್ಟಿನ ಮಹಡಿ ಮೇಲೆ ಯಂಗೋನ, ಅಂದರೆ ಕಾವಾ ಎಂಬ ಪಾನೀಯ ಮಾಡುವ ಬೇರು ಮಾರುತ್ತಾರೆ. ಅದನ್ನು ಕುಟ್ಟಿ, ನೀರಲ್ಲಿ ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಬಣ್ಣ ಕೆಸರು ನೀರಿನಂತೆ. ಒಮ್ಮೆ ಚಪ್ಪಾಳೆ ತಟ್ಟಿ, 'ಬುಲಾ' (ಅವರ ನಮಸ್ಕಾರ) ಅಂದು, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಸಲ ತಟ್ಟಬೇಕು. ನಾಲಿಗೆ ಜುಮ್ಮೆನ್ನುತ್ತದೆ, ಗಾಬರಿ ಬೇಡ.

ಅಲ್ಲಿಂದ ಥರ್ಸ್ಟನ್ ಗಾರ್ಡನ್ಸ್‌ನಲ್ಲಿರುವ ಫಿಜಿ ಮ್ಯೂಸಿಯಂಗೆ ಹೋಗಿ. ದಾರಿಯಲ್ಲಿ ಆಲ್ಬರ್ಟ್ ಪಾರ್ಕ್ ಸಿಗುತ್ತದೆ. ಆಸ್ಟ್ರೇಲಿಯಾದ ವಿಮಾನ ಚಾಲಕ ಕಿಂಗ್ಸ್‌ಫರ್ಡ್ ಸ್ಮಿತ್ 1928ರಲ್ಲಿ ಪೆಸಿಫಿಕ್ ದಾಟುವಾಗ ವಿಮಾನ ಇಳಿಸಿದ್ದು ಇದೇ ಮೈದಾನದಲ್ಲಿ. ಮ್ಯೂಸಿಯಂನಲ್ಲಿ ಜೋಡಿ ಒಡಲಿನ ದೊಡ್ಡ ದೋಣಿ ನೋಡಿದ ಮೇಲೆ, ಗಿರ್ಮಿಟಿಯರ, ಅಂದರೆ ಕರಾರಿನ ಮೇಲೆ ಬಂದ ಕೂಲಿಗಳ ವಿಭಾಗಕ್ಕೆ ನಿಧಾನವಾಗಿ ಸಮಯ ಕೊಡಿ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷದ ಕರಾರಿನ ಮೇಲೆ ಭಾರತದಿಂದ ಹಡಗಿನಲ್ಲಿ ತಂದರು. 1903ರಿಂದ ಮದ್ರಾಸಿನಿಂದಲೂ ಬಂದರು. ಹೆಚ್ಚಿನವರನ್ನು ದುಡಿಸಿದ್ದು ಕಬ್ಬಿನ ತೋಟಗಳಲ್ಲೇ. ಕಬ್ಬು ಕಡಿಯುವ ಕಷ್ಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳೆಗಾರರಾಗಿ ಅವರ ಕಥೆ ತಿಳಿಯುವುದು ನಮ್ಮ ಕರ್ತವ್ಯ ಅಂತಲೇ ನಾನು ನಂಬಿದ್ದೇನೆ. ಸುವಾ ಕಡಲಾಚೆ ನುಕುಲಾವು ಎಂಬ ಸಣ್ಣ ದ್ವೀಪವಿದೆ. ಹಡಗಿನಿಂದ ಇಳಿದವರನ್ನು ರೋಗ ತಪಾಸಣೆಗೆ ಮೊದಲು ಇಟ್ಟಿದ್ದು ಅಲ್ಲೇ. ಮೇ 14, ಮೊದಲ ಹಡಗು ಬಂದ ದಿನ. ಈಗ ಅದರ ನೆನಪಿಗೆ ಸರ್ಕಾರಿ ರಜೆ ಇದೆ.

ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಆ ದಿನವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ಮಗಳಿಗೆ, ನೆಂಟರಿಗೆ ಅಂತ ಒಯ್ಯುವ ಉಪ್ಪಿನಕಾಯಿ, ಮೈಸೂರು ಪಾಕು, ಸಾಂಬಾರು ಪುಡಿ ಎಲ್ಲವನ್ನೂ ಫಿಜಿಗೆ ಬಂದಿಳಿಯುವವರು ತುಂಬಬೇಕಾದ ಚೀಟಿಯಲ್ಲಿ ಬರೆಯಿರಿ. ಹಣ್ಣು, ಬಿತ್ತನೆ ಬೀಜ ಒಯ್ಯಲೇಬೇಡಿ. ಪ್ಲಗ್ಗಿಗೆ ಆಸ್ಟ್ರೇಲಿಯಾ ಮಾದರಿಯ ಅಡಾಪ್ಟರ್ ಬೇಕು. ವಾಪಸಾಗುವಾಗ ಸುವಾ ಹತ್ತಿರದ ನೌಸೊರಿಯಿಂದ ನಾಂದಿಗೆ ಚಿಕ್ಕ ವಿಮಾನ ಸಿಗುತ್ತದೆ, ಅರ್ಧ ಗಂಟೆಯ ದಾರಿ. ಸಾಮಾನಿನ ತೂಕದ ಮಿತಿ ಮಾತ್ರ ಮೊದಲೇ ಕೇಳಿಕೊಳ್ಳಿ.