ರೆಫ್ರಿ ಇಲ್ಲದ ಆಟ: ಚಿರಾಂಗಿನಲ್ಲಿ ನಾವು ಮಾಡಿದ್ದು

ಅಸ್ಸಾಮಿನ ಬೋಡೊ ಬುಡಕಟ್ಟಿನವರ ಪ್ರದೇಶದಲ್ಲಿ ಗಲಭೆಯಾದಾಗಲೆಲ್ಲ ಅದರ ಬೆನ್ನಿಗೇ ಒಂದು ಶಾಂತಿಸಭೆ ನಡೆಯುತ್ತದೆ. ಸಮುದಾಯಕ್ಕೊಬ್ಬರಂತೆ ಹಿರಿಯರು ವೇದಿಕೆ ಹತ್ತುತ್ತಾರೆ, ಹೆಗಲಿಗೆ ವಸ್ತ್ರ ಬೀಳುತ್ತದೆ, ಚಹಾ ಬಿಸ್ಕತ್ತು ಮುಗಿದ ಮೇಲೆ ಫೋಟೊ. ರಾತ್ರಿಯೆಲ್ಲ ದೊಣ್ಣೆ ಹಿಡಿದು ಊರು ಕಾಯುವ ಹುಡುಗರಿಗೆ ಅಲ್ಲಿ ಕುರ್ಚಿ ಜೋಡಿಸುವ ಕೆಲಸ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥ ಸಭೆಗಳನ್ನು ಸಾಕಷ್ಟು ನೋಡಿದ ಮೇಲೆ, ಹುಡುಗ ಹುಡುಗಿಯರೊಂದಿಗೆ ಏನು ಮಾಡಿದರೂ ಅದರ ಹೆಸರಿನಲ್ಲಿ ‘ಶಾಂತಿ’ ಇರಬಾರದೆಂದು ನಾನು ಮತ್ತು ನನ್ನ ಸಹೋದ್ಯೋಗಿಗಳು ತೀರ್ಮಾನಿಸಿದೆವು.

ನಾನು ಮಲೆನಾಡಿನವನು. ಅಲ್ಲಿನ ಚಿರಾಂಗ್ ಜಿಲ್ಲೆಯ ಒಂದು ಸಣ್ಣ ಸಂಸ್ಥೆಗೆ ಕೆಲಸಕ್ಕೆ ಹೋಗಿದ್ದು 2012ರ ಹಿಂಸಾಚಾರದ ನಂತರ. ಬೋಡೊಗಳು ಮತ್ತು ಬಂಗಾಳಿ ಮಾತನಾಡುವ ಮುಸ್ಲಿಮರ ನಡುವಿನ ಆ ಗಲಭೆಯಲ್ಲಿ ಕೊಕ್ರಾಝಾರ್, ಚಿರಾಂಗ್, ಧುಬ್ರಿ ಜಿಲ್ಲೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಶಿಬಿರ ಸೇರಿದ್ದರು. ಅದರ ಬಿಸಿ ಬೆಂಗಳೂರಿಗೂ ತಟ್ಟಿತ್ತು. ಆ ಆಗಸ್ಟಿನಲ್ಲಿ ತಮ್ಮ ಮೇಲೆ ದಾಳಿಯಾಗಲಿದೆ ಎಂಬ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟಾಗ ಪ್ಲಾಟ್‌ಫಾರಂನಲ್ಲಿ ನೀರಿನ ಬಾಟಲಿ ಹಂಚಿದವರಲ್ಲಿ ನಾನೂ ಒಬ್ಬ.

ಚಿರಾಂಗಿನಲ್ಲಿ ಬೋಡೊ, ಸಂತಾಲ, ಮುಸ್ಲಿಂ, ಕೋಚ್ ರಾಜವಂಶಿ, ನೇಪಾಳಿ ಊರುಗಳು ಸೈಕಲ್ ದೂರದಲ್ಲಿವೆ. ದೊಡ್ಡವರು ವಾರದ ಸಂತೆಯಲ್ಲಿ ಎದುರುಬದುರಾಗುತ್ತಾರೆ. ಅಡಿಕೆ, ಹಂದಿಮರಿ, ಸಾಲ ಎಲ್ಲದರ ವ್ಯವಹಾರವೂ ಇದೆ. (ಅಲ್ಲಿನವರು ಅಡಿಕೆಯನ್ನು ಹಸಿಯಾಗಿಯೇ ಜಗಿಯುತ್ತಾರೆ. ಮೊದಲ ಸಲ ಬಾಯಿಗೆ ಹಾಕಿಕೊಂಡಾಗ ತಲೆ ಗಿರ್ರೆಂದಿತು, ಮಲೆನಾಡಿನವನೆಂಬ ನನ್ನ ಜಂಬ ಇಳಿಯಿತು.) ಮಕ್ಕಳಿಗೆ ಆ ಒಡನಾಟವೂ ಇಲ್ಲ. ಬೋಡೊ ಮಾಧ್ಯಮದ ಶಾಲೆಗೆ ಹೋಗುವವರು ಒಂದು ಕಡೆ, ಅಸ್ಸಾಮಿ ಮಾಧ್ಯಮದವರು ಇನ್ನೊಂದು ಕಡೆ. ಪಕ್ಕದ ಊರಿನ ತನ್ನ ವಯಸ್ಸಿನ ಒಬ್ಬನ ಹೆಸರೂ ಗೊತ್ತಿಲ್ಲದೆ ಹತ್ತನೇ ತರಗತಿ ಮುಗಿದುಹೋಗುತ್ತದೆ.

ಫುಟ್‌ಬಾಲ್ ಆಡಿಸೋಣವೆಂದರೆ ಊರೂರಿಗೆ ತಂಡಗಳು ಆಗಲೇ ಇದ್ದವು. ಪಂದ್ಯವೆಂದರೆ ಸಮುದಾಯದ ಮಾನದ ಪ್ರಶ್ನೆ. ಅದಕ್ಕೇ ಅಲ್ಟಿಮೇಟ್ ಫ್ರಿಸ್ಬಿ ಆರಿಸಿಕೊಂಡೆವು. 175 ಗ್ರಾಂ ತೂಕದ ಪ್ಲಾಸ್ಟಿಕ್ ತಟ್ಟೆ; ಕೈಯಲ್ಲಿದ್ದಾಗ ಓಡುವಂತಿಲ್ಲ, ಹತ್ತು ಸೆಕೆಂಡಿನೊಳಗೆ ಇನ್ನೊಬ್ಬರಿಗೆ ಎಸೆಯಬೇಕು. ಯಾರಿಗೂ ಮೊದಲೇ ಬರುತ್ತಿರಲಿಲ್ಲವಾದ್ದರಿಂದ ಹುಡುಗರೂ ಹುಡುಗಿಯರೂ ಒಟ್ಟಿಗೇ ತಡವರಿಸಿದರು. ಒಂದು ತಂಡದಲ್ಲಿ ಕನಿಷ್ಠ ಮೂರು ಮನೆಮಾತಿನವರು ಇರಬೇಕು, ಹುಡುಗಿಯರು ಅರ್ಧದಷ್ಟು ಇರಬೇಕು ಎಂಬುದು ನಮ್ಮ ಷರತ್ತು. ಹುಡುಗಿಯರ ಮನೆಗಳಿಗೆ ನಮ್ಮ ಮಹಿಳಾ ಸಹೋದ್ಯೋಗಿಗಳು ಮತ್ತೆ ಮತ್ತೆ ಹೋದರು. ಕೆಲವು ಮನೆಯವರು ಕೊನೆಗೂ ಒಪ್ಪಲಿಲ್ಲ.

ಅಲ್ಟಿಮೇಟಿನಲ್ಲಿ ರೆಫ್ರಿ ಇಲ್ಲ, ನಮಗೆ ಬೇಕಿದ್ದದ್ದೂ ಅದೇ. ಫೌಲ್ ಆಯಿತೆಂದು ಆಡುವವರೇ ಕೂಗಬೇಕು, ಎದುರಿನವರು ಒಪ್ಪಬೇಕು ಇಲ್ಲವೇ ಅಲ್ಲಗಳೆಯಬೇಕು. ಒಂದು ಪಂದ್ಯದಲ್ಲಿ ಸಂತಾಲಿ ಹುಡುಗಿಯೊಬ್ಬಳು ಅಂಕಣದ ತುದಿಯಲ್ಲಿ ತಟ್ಟೆ ಹಿಡಿಯಲು ಜಿಗಿದಳು, ಬೋಡೊ ಹುಡುಗನ ಭುಜ ತಾಗಿ ತಟ್ಟೆ ಬಿತ್ತು. “ಫೌಲ್” ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಇಬ್ಬರಿಗೂ ಬರುವುದು ಹರಕು ಅಸ್ಸಾಮಿ. ಅದರಲ್ಲೇ, ಕೈಸನ್ನೆಯಲ್ಲೇ ವಾದ ನಡೆಯಿತು. ಗದ್ದೆಯ ಬದುವಿನ ಮೇಲಿದ್ದ ಗಂಡಸರು ತಮ್ಮ ತಮ್ಮವರ ಪರ ಕೂಗತೊಡಗಿದರು. ಊರಿನ ಮುಖ್ಯಸ್ಥರಾದ ಗಾಂವ್‌ಬುಢಾ ನ್ಯಾಯ ಹೇಳಲು ಒಳಗೇ ಬಂದುಬಿಟ್ಟರು. ತಂಡದ ಇನ್ನೊಬ್ಬ ಹುಡುಗಿ ಕೈಮುಗಿದು, “ಅಜ್ಜಾ, ಗೆರೆಯ ಆಚೆ ನಿಲ್ಲಿ, ಇದನ್ನು ನಾವೇ ನೋಡಿಕೊಳ್ಳುತ್ತೇವೆ” ಎಂದಳು. ಅವರು ತಬ್ಬಿಬ್ಬಾಗಿ ಹಿಂದೆ ಸರಿದರು. ಒಮ್ಮತ ಬರಲಿಲ್ಲ. ಹಾಗಾದಾಗ ತಟ್ಟೆ ಎಸೆದವರ ಕೈಗೇ ಮರಳಬೇಕೆಂಬುದು ನಿಯಮ. ಮರಳಿತು, ಆಟ ಮುಂದುವರಿಯಿತು. ಒಪ್ಪದೆಯೂ ಮುಂದುವರಿಯಬಹುದು ಎಂಬುದನ್ನು ಯಾವ ತರಬೇತಿ ಕೈಪಿಡಿಯಿಂದಲೂ ನನಗೆ ಅಷ್ಟು ಚೆನ್ನಾಗಿ ಕಲಿಸಲು ಆಗುತ್ತಿರಲಿಲ್ಲ.

ಪಂದ್ಯ ಸರದಿಯ ಮೇಲೆ ಒಂದೊಂದು ಊರಿನಲ್ಲಿ. ಊಟ ಆ ಊರಿನವರದು. ತೊಡಕು ಬಂದಿದ್ದು ಇಲ್ಲೇ. ಬೋಡೊ ಮನೆಗಳಲ್ಲಿ ಅತಿಥಿಗೆ ಹಂದಿಮಾಂಸ ಬಡಿಸುವುದು ಮರ್ಯಾದೆ. ಅದನ್ನು ಬೇಯಿಸಿದ ಪಾತ್ರೆಯಲ್ಲಿ ಮಾಡಿದ ಅನ್ನವನ್ನೂ ಮುಸ್ಲಿಂ ಮಕ್ಕಳು ಮುಟ್ಟುವಂತಿಲ್ಲ. ದಾರಿ ಹುಡುಕಿದವರು ಆ ಊರಿನ ಹೆಂಗಸರು: ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ಕೇಳಿ ತಂದು ಅನ್ನ, ಬೇಳೆ, ಮೊಟ್ಟೆ ಸಾರು ಮಾಡಿ ಬಾಳೆ ಎಲೆಯಲ್ಲಿ ಬಡಿಸಿದರು. ಮುಂದೆ ಎಲ್ಲ ಊರುಗಳಲ್ಲೂ ಅದೇ ರೂಢಿಯಾಯಿತು.

ಆಟದ ನೆಪದಲ್ಲಿ ಊರೂರಿನ ಯುವ ಮುಂದಾಳುಗಳ ಬಳಿ ಪರಸ್ಪರರ ಫೋನ್ ನಂಬರು ಸೇರಿತ್ತು. ಅದು ಇಷ್ಟು ಉಪಯೋಗಕ್ಕೆ ಬರುತ್ತದೆಂದು ನಾವು ಎಣಿಸಿರಲಿಲ್ಲ. ಸಂತೆ ರಸ್ತೆಯಲ್ಲಿ ಮೋಟಾರ್ ಸೈಕಲ್ಲೊಂದು ಬೇರೆ ಸಮುದಾಯದ ಹುಡುಗನಿಗೆ ಗುದ್ದಿದ ಸಂಜೆ, ‘ಕೊಂದರು’ ಎಂಬ ಸಂದೇಶ ಹರಿದಾಡತೊಡಗಿತು. 2012ರಲ್ಲಿ ಕೇಂದ್ರ ಸರ್ಕಾರ ಇಂಥದ್ದನ್ನು ತಡೆಯಲು ಸಾಮೂಹಿಕ ಎಸ್‌ಎಂಎಸ್‌ಗಳ ಮೇಲೆ 15 ದಿನ ನಿರ್ಬಂಧ ಹೇರಿತ್ತು. ಇಲ್ಲಿ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಒಬ್ಬ ಆಸ್ಪತ್ರೆಗೆ ಹೋಗಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬ್ರೆಡ್ ತಿನ್ನುತ್ತಿದ್ದ ಗಾಯಾಳುವಿನ ಫೋಟೊ ಕಳಿಸಿದ. ಆ ಫೋಟೊ ಎರಡೂ ಊರುಗಳ ಗುಂಪುಗಳಿಗೆ ಹೋಯಿತು.

ಇದರಿಂದ ಬೋಡೊಲ್ಯಾಂಡಿನ ಕಗ್ಗಂಟು ಬಿಡಿಸಿಕೊಂಡಿತೆಂದು ನಾನು ಹೇಳುವುದಿಲ್ಲ. ಭೂಮಿಯ ಹಕ್ಕು, ಅಧಿಕಾರದ ಪಾಲು, ಬಂದೂಕು ಇವೆಲ್ಲ ಸರ್ಕಾರ ಮತ್ತು ಬೋಡೊ ಸಂಘಟನೆಗಳ ನಡುವಿನ 2003ರ ಮತ್ತು 2020ರ ಒಪ್ಪಂದಗಳಂಥ ಮಾತುಕತೆಯ ಮೇಜಿಗೆ ಸೇರಿದವು. ಅವನ್ನು ಹದಿನೇಳರ ಹುಡುಗಿಯ ತಲೆಗೆ ಕಟ್ಟುವುದು ಅನ್ಯಾಯ. ‘ಎಷ್ಟು ಸಂಘರ್ಷ ತಪ್ಪಿಸಿದಿರಿ, ಅಂಕಿ ಕೊಡಿ’ ಎಂದು ದೇಣಿಗೆ ಕೊಡುವವರು ಕೇಳಿದಾಗ ನನಗೆ ಸಿಟ್ಟು ಬರುತ್ತಿತ್ತು. ತಂಡಗಳ ಪಟ್ಟಿ ಕಳಿಸಿ ಸುಮ್ಮನಾಗುತ್ತಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ವಲಸೆ. ಪಳಗಿದ ಮುಂದಾಳು ಇಪ್ಪತ್ತು ದಾಟುತ್ತಲೇ ಕೇರಳಕ್ಕೋ ಬೆಂಗಳೂರಿಗೋ ಸೆಕ್ಯುರಿಟಿ ಕೆಲಸಕ್ಕೆ ರೈಲು ಹತ್ತುತ್ತಾನೆ. ಹುಡುಗಿ ಮದುವೆಯಾಗಿ ಬೇರೆ ಊರು ಸೇರುತ್ತಾಳೆ. ಅದಕ್ಕಾಗಿ ಈಗ ಪ್ರತಿ ಊರಿಗೆ ಇಬ್ಬರು ಮುಂದಾಳುಗಳಿರುತ್ತಾರೆ, ಅವರಲ್ಲಿ ಒಬ್ಬರು ಇನ್ನೂ ಶಾಲೆಯಲ್ಲಿರಬೇಕು. ದೊಡ್ಡವರು ಊರು ಬಿಡುವ ಮುನ್ನ ತಟ್ಟೆಗಳ ಚೀಲವನ್ನೂ ಫೋನ್ ನಂಬರಿನ ಪುಸ್ತಕವನ್ನೂ ಚಿಕ್ಕವರಿಗೆ ಒಪ್ಪಿಸಬೇಕು.