ಏಳು ಅಕ್ಷರ, 28 ಸಾಲು

ಠಾಣೆಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಸ್ಲೋ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತೆಂದರೆ ನನಗೆ ಸುಮಾರು ಒಂದು ಗಂಟೆ ಕೈಗೆ ಸಿಕ್ಕಂತೆ. ಮಾಟುಂಗಾದಲ್ಲಿ ನಮ್ಮ ಹವ್ಯಾಸಿ ತಂಡ ಆಡಿದ ಪೌರಾಣಿಕ ನಾಟಕದ ಹಿನ್ನೆಲೆ ಸಂಗೀತವನ್ನು ಬಹುಪಾಲು ಈ ಪ್ರಯಾಣದಲ್ಲೇ, ಫೋನಿನಲ್ಲಿ, ಸನ್‌ವಾಕ್ಸ್ ಎಂಬ ತಂತ್ರಾಂಶದಿಂದ ಕಟ್ಟಿದೆ. ರಷ್ಯಾದ ಅಲೆಕ್ಸಾಂಡರ್ ಝೊಲೊತೊವ್ ರಚಿಸಿದ ಇದರ ಕಂಪ್ಯೂಟರ್ ಆವೃತ್ತಿ ಉಚಿತ, ಫೋನಿನದಕ್ಕೆ ಹಣ ಕೊಡಬೇಕು. ರೈಲಿನಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬಹುದು.

ನಾದ ಹುಟ್ಟಿಸುವ, ಅದನ್ನು ಸೋಸುವ, ಅದಕ್ಕೆ ಮಾರ್ದನಿ ಕೂಡಿಸುವ ಘಟಕಗಳನ್ನು ಗೆರೆ ಎಳೆದು ಜೋಡಿಸುವುದು ಇದರ ಮಾಡ್ಯುಲರ್ ಭಾಗ. ಸ್ವರಗಳನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಬರೆಯುವುದು ಟ್ರ್ಯಾಕರ್ ಭಾಗ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಬಂದ ಮೊದಲ ಟ್ರ್ಯಾಕರ್‌ನಲ್ಲಿ ಪ್ರತಿ ಪ್ಯಾಟರ್ನ್‌ಗೆ, ಅಂದರೆ ಸ್ವರ ಬರೆಯುವ ಒಂದೊಂದು ಪುಟಕ್ಕೆ, 64 ಸಾಲುಗಳಿದ್ದವು. ಆದಿತಾಳದ ಎಂಟು ಅಕ್ಷರಗಳಿಗೆ (ತಾಳದ ಎಣಿಕೆಗಳಿಗೆ) ಅದು ಸರಿಹೊಂದುತ್ತದೆ, ಏಳಕ್ಕೆ ಹೊಂದುವುದಿಲ್ಲ. ಸನ್‌ವಾಕ್ಸ್‌ನಲ್ಲಿ ಸಾಲುಗಳ ಸಂಖ್ಯೆಯನ್ನು ನಾವೇ ನಿಗದಿಮಾಡಬಹುದಾದ್ದರಿಂದ, ಅರಸನ ಪ್ರವೇಶಕ್ಕೆ ಏಳು ಅಕ್ಷರಗಳ ಮಿಶ್ರಚಾಪು ತಾಳ ಬೇಕೆಂದಾಗ ಅಕ್ಷರಕ್ಕೆ ನಾಲ್ಕರಂತೆ 28 ಸಾಲುಗಳ ಪ್ಯಾಟರ್ನ್ ಇಟ್ಟುಕೊಂಡೆ. ‘ತಕಿಟ’ 0ನೆಯ ಸಾಲಿನಲ್ಲಿ, ‘ತಕಧಿಮಿ’ 12ನೆಯ ಸಾಲಿನಲ್ಲಿ ಆರಂಭ. ಬಾಯಲ್ಲಿ ಹೇಳಿಕೊಂಡ ಕೊನ್ನಕೋಲನ್ನು, ಅಂದರೆ ತಾಳದ ಸೊಲ್ಲುಗಳನ್ನು, ಹಾಗೆಯೇ ಇಳಿಸಲು ಇದಕ್ಕಿಂತ ಸರಳವಾದ ಲಿಪಿಯನ್ನು ನಾನು ಕಂಡಿಲ್ಲ. (ಎದುರಿನ ಸೀಟಿನವರು ನನ್ನ ತುಟಿಗಳನ್ನು ನೋಡಿ ಜಪವೆಂದುಕೊಂಡಿರಬೇಕು.)

ವೇಗದ ವಿಷಯ ಸ್ವಲ್ಪ ಲೆಕ್ಕ ಬೇಡಿತು. ಮೊದಲೇ ಇರುವ 125 ಬಿಪಿಎಂ (ನಿಮಿಷಕ್ಕೆ ಬಡಿತಗಳು) ಮತ್ತು ಸಾಲಿಗೆ 6 ಟಿಕ್‌ಗಳಲ್ಲಿ (ಟಿಕ್ ಎಂದರೆ ಸಾಲಿನೊಳಗಿನ ಕಿರು ಕಾಲಘಟಕ) ಒಂದು ಸಾಲು 120 ಮಿಲಿಸೆಕೆಂಡು, ಅಂದರೆ ತಾಳದ ಒಂದು ಸುತ್ತು (ಆವರ್ತನ) 3.36 ಸೆಕೆಂಡು. ಅರಸನ ಪಾತ್ರಧಾರಿಯ ಹೆಜ್ಜೆ ಅದಕ್ಕಿಂತ ನಿಧಾನವಾಗಿತ್ತು. ಟಿಕ್ಕನ್ನು 7ಕ್ಕೆ ಏರಿಸಿದರೆ 3.92 ಸೆಕೆಂಡಾಗಿ ಅರಸ ತೂಕಡಿಸಿದಂತೆ ಕಂಡ. ಟಿಕ್ 6ರಲ್ಲೇ ಉಳಿಸಿ ಬಿಪಿಎಂ ಅನ್ನು 115ಕ್ಕೆ ಇಳಿಸಿದಾಗ ಗತ್ತು ಬಂತು.

ಶ್ರುತಿಗೆ ಷಡ್ಜ, ಪಂಚಮಗಳ ಜೊತೆ ತೆಳುವಾಗಿ ಅಂತರ ಗಾಂಧಾರವನ್ನೂ ಸೇರಿಸಿದ್ದೆ, ರಾಗ ಮೋಹನವಾಗಿದ್ದರಿಂದ. ಆದರೆ ಕೀಬೋರ್ಡಿನ ಸಮಪಾಲು ಮೇಳದ (ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ) ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರನೆಯ ಒಂದು ಪಾಲು) ಹೆಚ್ಚು, ಆದ್ದರಿಂದ ಅದು ಉಳಿದೆರಡರ ಜೊತೆ ಬೆರೆಯದೆ ಗುಂಯ್ ಎಂದು ಕಂಪಿಸುತ್ತಿತ್ತು. ಗಾಂಧಾರಕ್ಕೆ ಪ್ರತ್ಯೇಕ ಜನರೇಟರ್ (ನಾದ ಹುಟ್ಟಿಸುವ ಘಟಕ) ಕೊಟ್ಟು, ಅದರ ಫೈನ್‌ಟ್ಯೂನನ್ನು ಕಂಪನ ಅಡಗುವವರೆಗೆ ಕಿವಿಯಿಂದಲೇ ಇಳಿಸಿದೆ. ಗಮಕಕ್ಕೆ 03 ಎಂಬ ಆದೇಶ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಿಸುವುದು, ಒಂದು ಮಟ್ಟಿಗೆ ಸಾಕಾಗುತ್ತದೆ. ಕಂಪಿತಕ್ಕೆ 04, ಅಂದರೆ ಸ್ವರವನ್ನು ಅಲುಗಿಸುವ ಆದೇಶ, ಹಾಕಿದರೆ ಮಾತ್ರ ಹಳೆಯ ಸಿನಿಮಾದ ಭೂತದ ದೃಶ್ಯ ನೆನಪಾಗುತ್ತದೆ.

ಎಡವಿದ್ದು ಚೆಂಡೆಯಲ್ಲಿ. ಅನಲಾಗ್ ಜನರೇಟರಿನ ನಾಯ್ಸ್ ಅಲೆಯನ್ನು ಆರಿಸಿ, ಸಸ್ಟೈನ್ (ನಾದ ಎಳೆದು ನಿಲ್ಲುವುದು) ಮುಚ್ಚಿ, ರಿಲೀಸ್ (ಅದು ಅಡಗಲು ಹಿಡಿಯುವ ಸಮಯ) ಕಿರಿದಾಗಿಸಿ, ಫಿಲ್ಟರಿನ ಮೂಲಕ ಹಾಯಿಸಿ ಕೋಲಿನ ಪೆಟ್ಟನ್ನು ಮಾಡಿದ್ದೆ. ಅದರ ಕೆಳಗೆ ಸುಮಾರು 60 ಹರ್ಟ್ಸ್‌ನ ಒಂದು ಗುಡುಗನ್ನು ಇಟ್ಟಿದ್ದೆ. ಲೋಕಲ್‌ನ ಗದ್ದಲದ ನಡುವೆ ಇಯರ್‌ಫೋನಿನಲ್ಲಿ ಆ ಗುಡುಗೇ ಹಿತವಾಗಿ ಕೇಳುತ್ತಿದ್ದುದರಿಂದ ಪೆಟ್ಟನ್ನು ತಗ್ಗಿಸುತ್ತಾ ಹೋಗಿದ್ದೆ. ರಂಗತಾಲೀಮಿನ ದಿನ ಸಭಾಂಗಣದ ಸಣ್ಣ ಸ್ಪೀಕರುಗಳಿಗೆ 60 ಹರ್ಟ್ಸ್ ನಿಲುಕಲಿಲ್ಲ. ಉಡುಪಿ ಕಡೆಯವರಾದ ನಿರ್ದೇಶಕರು, “ಚೆಂಡೆ ಎಲ್ಲಿ ಹೋಯ್ತು ಮಾರಾಯ್ರೆ? ಅವಲಕ್ಕಿ ಕುಟ್ಟಿದ ಹಾಗೆ ಕೇಳ್ತದೆ” ಎಂದರು.

ಅವರ ಆಕ್ಷೇಪ ನ್ಯಾಯವಾದದ್ದು, ಏಕೆಂದರೆ ಚೆಂಡೆ ಮೂಲತಃ ಏರುದನಿಯ ವಾದ್ಯ. ಆ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನಿಟ್ಟು, ಅದರ ಸ್ಪೀಕರಿನಲ್ಲೇ ಕೇಳುತ್ತಾ, ಗುಡುಗನ್ನು 200 ಹರ್ಟ್ಸ್ ಆಸುಪಾಸಿಗೆ ಏರಿಸಿ, ಪೆಟ್ಟಿನ ಫಿಲ್ಟರನ್ನು ಇನ್ನಷ್ಟು ತೆರೆದೆ. ಪ್ರತಿ ಚೆಂಡೆಗೂ ಬೇರೆಬೇರೆಯಾಗಿ ಕೊಟ್ಟಿದ್ದ ರಿವರ್ಬ್ (ಮಾರ್ದನಿ) ಘಟಕಗಳನ್ನು ತೆಗೆದು ಎಲ್ಲಕ್ಕೂ ಒಂದನ್ನೇ ಜೋಡಿಸಿದಾಗ ಫೋನಿನ ಪ್ರೊಸೆಸರ್ ಮೇಲಿನ ಹೊರೆ ಇಳಿದು, ನಡುನಡುವೆ ಬರುತ್ತಿದ್ದ ಚಟಪಟ ಸದ್ದೂ ನಿಂತಿತು. ಪ್ರದರ್ಶನದ ಸಂಜೆ ಅರಸ ಎಡಗಾಲನ್ನು 12ನೆಯ ಸಾಲಿಗೆ ಸರಿಯಾಗಿ ಊರಿದ.