ಮಂಚದ ಪಕ್ಕದ ಸ್ಟೂಲು

ಪ್ರಾಥಮಿಕ ಶಾಲೆಯ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ವರ್ಷ, ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟದವರೊಂದಿಗೆ ಸೇರಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ಜೊತೆಗಿರುವವರಿಗೆ ಊಟ ಹಂಚಲು ಆರಂಭಿಸಿದೆ. ಭಾನುವಾರದ ಆರಾಧನೆ ಮುಗಿದ ಮೇಲೆ ಚಿತ್ರಾನ್ನದ ಪೊಟ್ಟಣ, ಅದರ ಜೊತೆಗೆ ಬೈಬಲ್ ವಾಕ್ಯದ ಒಂದು ಚೀಟಿ, ಕೊನೆಯಲ್ಲಿ ಒಂದು ಫೋಟೊ. ನಾಲ್ಕನೆಯ ವಾರವೋ ಐದನೆಯ ವಾರವೋ, ಫೋಟೊ ತೆಗೆಯುವಾಗ ಜಗಳೂರು ಕಡೆಯ ಹೆಂಗಸೊಬ್ಬರು ಪೊಟ್ಟಣವನ್ನು ನೆಲದ ಮೇಲಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಪುಕ್ಕಟೆ ಎಂದುಕೊಂಡು ಕೊಡುತ್ತಿದ್ದ ಅನ್ನಕ್ಕೆ ನಾವು ಬೆಲೆ ವಸೂಲು ಮಾಡುತ್ತಿದ್ದೆವು ಎಂಬುದು ನನಗೆ ಹೊಳೆದದ್ದು ಆಗಲೇ.

ಮರುವಾರ ಚೀಟಿಯನ್ನೂ ಕ್ಯಾಮೆರಾವನ್ನೂ ಮನೆಯಲ್ಲಿಯೇ ಬಿಟ್ಟು ಹೋಗಿ, ಅವರ ಪಕ್ಕದಲ್ಲಿ ಕುಳಿತು ಏನು ಬೇಕಾಗಿದೆ ಎಂದು ಕೇಳಿದೆ. "ಊಟ ಹೆಂಗೋ ಆಗ್ತೈತಿ ಟೀಚರಮ್ಮ. ಇವರನ್ನ ಯಾರಾದ್ರೂ ಒಂದು ಹೊತ್ತು ನೋಡ್ಕಂಡ್ರೆ ಊರಿಗೆ ಹೋಗಿ ರೇಷನ್ ಕಾರ್ಡು ತರ್ತಿದ್ದೆ" ಎಂದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ಕಾರ್ಡು ಊರಿನ ಟ್ರಂಕಿನಲ್ಲಿದ್ದು, ಅದನ್ನು ತರಬೇಕಾದವರೂ ಗಂಡನ ಮಂಚ ಬಿಟ್ಟು ಕದಲಲಾಗದವರೂ ಒಬ್ಬರೇ ಆಗಿದ್ದರೆ ಆ 5 ಲಕ್ಷವಿದ್ದೂ ಇಲ್ಲದಂತೆಯೇ. ಅವರು ಸ್ನಾನ ಮಾಡಿ ನಾಲ್ಕು ದಿನವಾಗಿತ್ತು. ಹೊಲದಲ್ಲಿ ಮೆಕ್ಕೆಜೋಳ ಮುರಿಯುವುದು ಬಾಕಿಯಿತ್ತು.

ಆ ರಾತ್ರಿ ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ಮತ್ತೆ ಓದಿದೆ. ಭಾನುವಾರ ಶಾಲೆಯ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿಕೊಟ್ಟ ಕಥೆ ಅದು. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನ ಗಾಯಕ್ಕೆ ಸಮಾರ್ಯದವನು ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ್ದು, ತನ್ನ ವಾಹನದ ಪಶುವಿನ ಮೇಲೆ ಕೂರಿಸಿಕೊಂಡು ಹೋದದ್ದು, ಇವೆಲ್ಲ ಬಾಯಿಪಾಠವಾಗಿದ್ದವು. ಅವನು ಛತ್ರದವನಿಗೆ ಎರಡು ದಿನಾರಿ ಕೊಟ್ಟದ್ದು ಮರುದಿನ ಎಂಬುದನ್ನು ಮಾತ್ರ ನಾನು ಎಂದೂ ಗಮನಿಸಿರಲಿಲ್ಲ. ದಿನಾರಿಯೆಂದರೆ ಆಗಿನ ಕೂಲಿಯಾಳಿನ ಒಂದು ದಿನದ ಸಂಬಳ; ಅವನು ಕೊಟ್ಟದ್ದು ಎರಡು ದಿನದ ದುಡಿಮೆ. ಅದನ್ನು ಕೊಡುವ ಮೊದಲು ಅವನು ಒಂದು ರಾತ್ರಿ ಆ ಅಪರಿಚಿತನ ಆರೈಕೆ ಮಾಡುತ್ತ ಅಲ್ಲಿಯೇ ಉಳಿದಿದ್ದನು.

ಹೀಗೆ ನಮ್ಮ ಕೆಲಸ ಊಟ ಹಂಚುವುದರಿಂದ ಕೂರುವುದಕ್ಕೆ ತಿರುಗಿತು. ಸರದಿ ಮೂರು ತಾಸು. ಹೆಂಗಸರ ವಾರ್ಡಿಗೆ ಹೆಂಗಸರು, ಗಂಡಸರ ವಾರ್ಡಿಗೆ ಗಂಡಸರು. ಹೊರಡುವವರ ಮೊಬೈಲ್ ನಂಬರನ್ನು ಬರೆದುಕೊಳ್ಳುತ್ತೇವೆ, ಅವರ ಹಣವನ್ನಾಗಲಿ ಒಡವೆಯನ್ನಾಗಲಿ ಇಟ್ಟುಕೊಳ್ಳುವುದಿಲ್ಲ, ಸಲೈನ್ ಬಾಟಲಿ ಮುಗಿಯುತ್ತ ಬಂದರೆ ಸಿಸ್ಟರನ್ನು ಕರೆಯುತ್ತೇವೆ. ಕೇಳದ ಹೊರತು ಪ್ರಾರ್ಥನೆ ಮಾಡುವುದಿಲ್ಲ. ಇದಕ್ಕೆ ಸಭೆಯ ಕೆಲವು ಹಿರಿಯರು ಬೇಸರಪಟ್ಟರು. ಆದರೆ ಮಲಗಿದ್ದಲ್ಲಿಂದ ಏಳಲಾರದವರು ಬೇಡವೆನ್ನಲೂ ಹಿಂಜರಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಒಬ್ಬ ಅಜ್ಜಿ ಮಾತ್ರ "ನೀವು ಹರಿಹರದ ಆರೋಗ್ಯಮಾತೆ ಕಡೆಯೋರೇನು?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಕೈಮುಗಿದರು. ಅದು ಕ್ಯಾಥೊಲಿಕರ ಚರ್ಚು, ನಮ್ಮದು ಬೇರೆ ಸಭೆ ಎಂದು ವಿವರಿಸಲು ನಾನು ಹೋಗಲಿಲ್ಲ.

ಎರಡನೆಯ ತಿಂಗಳಲ್ಲಿ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಮರುದಿನ ಬೆಳಿಗ್ಗೆ ಆಪರೇಷನ್ ಇದ್ದ ತಾಯಿಯನ್ನು ನನಗೊಪ್ಪಿಸಿ ಮಗಳು ಬಟ್ಟೆ ತರಲು ಮನೆಗೆ ಹೋಗಿದ್ದಳು. ಬೆಳಗಿನ ಜಾವ ಆಕೆ ತುಟಿ ಸವರುತ್ತ ಚಹಾ ಬೇಕೆಂದರು. ನಾನು ಫ್ಲಾಸ್ಕಿನಿಂದ ಅರ್ಧ ಲೋಟ ಬಗ್ಗಿಸಿ, ಎರಡು ಬಿಸ್ಕತ್ತು ಅದ್ದಿ ತಿನ್ನಿಸಿದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದೆಂದು ಅದಕ್ಕೆ ಮೊದಲು ಹೊಟ್ಟೆ ಖಾಲಿ ಇರಿಸುತ್ತಾರೆ. ಆಪರೇಷನ್ ಮುಂದಕ್ಕೆ ಹೋಯಿತು, ಮಗಳ ಇನ್ನೊಂದು ದಿನದ ಕೂಲಿಯೂ ಹೋಯಿತು. ಅವಳು ನನ್ನನ್ನು ಬೈಯಲಿಲ್ಲ. ಸ್ಟೂಲನ್ನು ಎಳೆದುಕೊಂಡು ನನಗೆ ಬೆನ್ನು ತಿರುಗಿಸಿ ಕುಳಿತಳು. ಅವಳ ಕೂಲಿಯನ್ನು ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ. ಆ ರಾತ್ರಿಯೂ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆಯೇ ಇದ್ದೆ. ಎರಡು ಗಂಟೆಯ ಸುಮಾರಿಗೆ ಅವಳು ಬಂದು, "ಒಂದೀಟು ಕಣ್ಣು ಮುಚ್ತೀನಿ, ನೋಡ್ತಿರಿ" ಎಂದಳು. ಅಂದಿನಿಂದ ಸಿಸ್ಟರನ್ನು ಕೇಳದೆ ಒಂದು ಗುಟುಕು ನೀರನ್ನೂ ಕೊಡುವುದಿಲ್ಲ ಎಂದು ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ.

ಪೊಟ್ಟಣ ಹಂಚಲು 20 ಮಂದಿ ಬರುತ್ತಿದ್ದರು. ಕೂರಲು ಬರುವವರು ಏಳು ಮಂದಿ. ಗಂಡಸರ ವಾರ್ಡಿಗೆ ಇಬ್ಬರೇ ಇದ್ದಾರೆ. ಅವರಲ್ಲೊಬ್ಬರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಅವರ ತಾಯಿಯ ಮಂಚದ ಬಳಿ ನಾವು ಮೂರು ದಿನ ಕುಳಿತಿದ್ದೆವು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ತೋಳಿಗಂಟಿದ ಭಟ್ಟಿಯ ಮಸಿಯನ್ನು ನಲ್ಲಿಯ ಕೆಳಗೆ ಇನ್ನೊಮ್ಮೆ ತೊಳೆದುಕೊಂಡು ಅವರು ಒಳಗೆ ಬರುತ್ತಾರೆ.